ಏಟು ತಿನ್ನುವವರು, ಗಾಯ ಮಾಯಿಸುವವರು: ಗಣಕ ಆಟಗಳಲ್ಲಿ ಶ್ರಮ ವಿಭಜನೆಯ ಇತಿಹಾಸ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಲೇತ್ ವರ್ಕ್‌ಶಾಪಿಗೆ ಈಚೆಗೆ ಹೋಗಿದ್ದೆ. ಶಾಲೆಯ ಪ್ರಯೋಗಾಲಯದ ಹಳೆಯ ನಿರ್ವಾತ ಪಂಪಿಗೆ ಒಂದು ಬುಷ್ ಮಾಡಿಸಬೇಕಿತ್ತು. ಮಧ್ಯಾಹ್ನದ ಊಟದ ಬಿಡುವು. ಐಟಿಐ ಮುಗಿಸಿ ಕೆಲಸ ಕಲಿಯಲು ಬಂದಿದ್ದ ಇಬ್ಬರು ಹುಡುಗರು ಗೋಡೆಗೆ ಒರಗಿ ಮೊಬೈಲ್ ಹಿಡಿದು ಕುಳಿತಿದ್ದರು. "ಟ್ಯಾಂಕ್ ಇಲ್ದೆ ಒಳಗೆ ಹೋಗಬ್ಯಾಡಲೇ, ಹೀಲರ್ ಇನ್ನೂ ಬಂದಿಲ್ಲ" ಎಂದು ಒಬ್ಬ ಕೂಗಿದ. ಪಕ್ಕದಲ್ಲಿ ಬುತ್ತಿ ಬಿಚ್ಚುತ್ತಿದ್ದ ಹಿರಿಯ ಫಿಟ್ಟರ್ ತಲೆಯೆತ್ತಿ, "ಯಾಕ್ರಲೇ, ಟ್ಯಾಂಕಿಗೆ ನೀರು ಬಂದಿಲ್ಲೇನು?" ಎಂದು ಕೇಳಿದರು. ಎಲ್ಲರೂ ನಕ್ಕೆವು.

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ಹುಡುಗನ ಮಾತಿನಲ್ಲಿ ಸುಮಾರು 50 ವರ್ಷಗಳ ಇತಿಹಾಸವಿದೆ. ಗಣಿತವಿದೆ, ಪ್ರಯೋಗವಿಜ್ಞಾನವಿದೆ, ಸಾಂಕ್ರಾಮಿಕ ರೋಗಶಾಸ್ತ್ರದ ಒಂದು ಅಧ್ಯಾಯವೂ ಇದೆ. ನಿಮ್ಮ ತರಗತಿಯ ಎಷ್ಟೋ ಮಕ್ಕಳಿಗೆ ಈ ಪದಗಳು ಚೆನ್ನಾಗಿ ಗೊತ್ತು. ಅವುಗಳ ಹಿಂದಿನ ಕಥೆ ಮಾತ್ರ ಅವರಿಗೂ ತಿಳಿದಿರಲಾರದು. ಬನ್ನಿ, ಅದನ್ನು ನೋಡೋಣ.

ಆಟ ಹೇಗಿರುತ್ತದೆ?

ಅಂತರಜಾಲದ ಮೂಲಕ ಸಾವಿರಾರು ಮಂದಿ ಏಕಕಾಲಕ್ಕೆ ಆಡುವ ಪಾತ್ರಾಭಿನಯದ ಆಟಗಳಿವೆ. ಪ್ರತಿಯೊಬ್ಬ ಆಟಗಾರನಿಗೂ ಪರದೆಯ ಮೇಲೆ ಒಂದು ಪಾತ್ರವಿರುತ್ತದೆ. ಕೆಲವರು ಸೇರಿ ತಂಡ ಕಟ್ಟಿಕೊಂಡು 'ಡಂಜನ್' ಎಂದು ಕರೆಯುವ ನೆಲಮಾಳಿಗೆಯನ್ನೋ ಗುಹೆಯನ್ನೋ ಪ್ರವೇಶಿಸುತ್ತಾರೆ. ಅಲ್ಲಿ ಗಣಕವೇ ನಡೆಸುವ ರಾಕ್ಷಸರು ಎದುರಾಗುತ್ತಾರೆ. ಪ್ರತಿ ಪಾತ್ರಕ್ಕೂ ರಾಕ್ಷಸನಿಗೂ ಇಂತಿಷ್ಟು 'ಜೀವಾಂಕ' ಇರುತ್ತದೆ. ಪೆಟ್ಟು ಬಿದ್ದಂತೆ ಅದು ಇಳಿಯುತ್ತದೆ. ಸೊನ್ನೆಯಾದರೆ ಆ ಪಾತ್ರ ಸತ್ತಂತೆ.

ತಂಡದಲ್ಲಿ ಮೂರು ಬಗೆಯ ಕೆಲಸಗಳಿವೆ. ದಪ್ಪ ಕವಚ ತೊಟ್ಟು ಮುಂದೆ ನಿಂತು ರಾಕ್ಷಸನ ಏಟುಗಳನ್ನೆಲ್ಲ ತನ್ನ ಮೇಲೆಳೆದುಕೊಳ್ಳುವವನು 'ಟ್ಯಾಂಕ್'. ಅವನ ಇಳಿಯುತ್ತಿರುವ ಜೀವಾಂಕವನ್ನು ಮತ್ತೆ ಮತ್ತೆ ಏರಿಸುವವನು 'ಹೀಲರ್', ಅಂದರೆ ಆರೈಕೆಗಾರ. ಉಳಿದವರು ರಾಕ್ಷಸನನ್ನು ಹೊಡೆಯುವ ದಾಳಿಕಾರರು. ಈ ವಿಂಗಡಣೆಯನ್ನು ಯಾರೋ ಒಬ್ಬರು ಕುಳಿತು ಯೋಜಿಸಿದ್ದಲ್ಲ ಎಂಬುದೇ ಇದರ ಸ್ವಾರಸ್ಯ. ಆಟದ ನಿಯಮಗಳ ಲೆಕ್ಕಾಚಾರದಿಂದ ಅದು ತಾನಾಗಿಯೇ ಹುಟ್ಟಿತು.

ನಮ್ಮ ಜಗಲಿಯ ಆಡು-ಹುಲಿ

ದೇವಸ್ಥಾನದ ಕಲ್ಲುಹಾಸಿನ ಮೇಲೆ ಗೆರೆ ಕೊರೆದು ಆಡುವ ಆಡು-ಹುಲಿ ಆಟವನ್ನು ನೀವು ನೋಡಿರುತ್ತೀರಿ. ಸಾಮಾನ್ಯವಾಗಿ ಒಬ್ಬನ ಬಳಿ 3 ಹುಲಿಗಳು, ಇನ್ನೊಬ್ಬನ ಬಳಿ 15 ಆಡುಗಳು. ಪಕ್ಕದ ಆಡಿನ ಮೇಲಿಂದ ಜಿಗಿದು ಅದರ ಆಚೆಗಿನ ಖಾಲಿ ಜಾಗಕ್ಕೆ ಹೋದರೆ ಹುಲಿ ಆ ಆಡನ್ನು ತಿಂದಂತೆ. ಆದರೆ ಆಚೆಯ ಜಾಗದಲ್ಲಿ ಇನ್ನೊಂದು ಆಡು ಇದ್ದರೆ? ಹುಲಿ ಜಿಗಿಯುವಂತಿಲ್ಲ.

ಇಲ್ಲಿ ಗಮನಿಸಿ. ಹುಲಿಗೆ ಮುಖಾಮುಖಿಯಾಗಿ ನಿಂತ ಆಡು ಬದುಕುವುದು ತನ್ನ ಬಲದಿಂದಲ್ಲ, ಬೆನ್ನ ಹಿಂದೆ ನಿಂತ ಆಡಿನಿಂದ. ಹಿಂದಿನ ಆಡು ಯಾವ ಪರಾಕ್ರಮವನ್ನೂ ತೋರುವುದಿಲ್ಲ, ಸುಮ್ಮನೆ ನಿಂತಿರುತ್ತದೆ. ಅದು ಸ್ವಲ್ಪ ಸರಿದರೆ ಮುಂದಿನದು ಸತ್ತೇಹೋಗುತ್ತದೆ. 'ಮುಂದೆ ನಿಲ್ಲು', 'ಹಿಂದೆ ಕಾಯಿ' ಎಂದು ನಿಯಮದಲ್ಲಿ ಎಲ್ಲೂ ಬರೆದಿಲ್ಲ. ಜಿಗಿತದ ಒಂದೇ ಒಂದು ನಿಯಮದಿಂದ ಈ ಎರಡು ಕೆಲಸಗಳು ಮೂಡಿದವು. ಗಣಕ ಆಟಗಳಲ್ಲೂ ಆದದ್ದು ಇಂಥದ್ದೇ.

ಟ್ಯಾಂಕ್ ಪದದ ಪಯಣ

ಫಿಟ್ಟರ್ ಕೇಳಿದ ಪ್ರಶ್ನೆ ತಪ್ಪೇನಲ್ಲ. ಇಂಗ್ಲಿಷಿನ 'ಟ್ಯಾಂಕ್' ಪದಕ್ಕೆ ನೀರಿನ ಆಸರೆ ಎಂಬುದೇ ಮೊದಲ ಅರ್ಥ. ಗುಜರಾತಿ, ಮರಾಠಿಗಳಲ್ಲಿ ನೀರಿನ ತೊಟ್ಟಿಗಿದ್ದ 'ಟಾಂಕೆ' ಮುಂತಾದ ಪದಗಳು ಮತ್ತು ಪೋರ್ಚುಗೀಸರ ಇಂಥದೇ ಒಂದು ಪದ ಸೇರಿ ಅದು ಇಂಗ್ಲಿಷಿಗೆ ಬಂತೆಂದು ನಿಘಂಟುಕಾರರು ಹೇಳುತ್ತಾರೆ. ಬ್ರಿಟಿಷ್ ಅಧಿಕಾರಿಗಳು ನಮ್ಮ ಕೆರೆಗಳನ್ನು ಟ್ಯಾಂಕ್ ಎಂದೇ ಬರೆದುಕೊಂಡರು. ಹೆಸರಿನಲ್ಲೇ ಕೆರೆಯನ್ನು ಇಟ್ಟುಕೊಂಡ ದಾವಣಗೆರೆಯವರಿಗೂ, ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರವನ್ನು ಅಂದರೆ ಸೂಳೆಕೆರೆಯನ್ನು ಬಲ್ಲವರಿಗೂ ಇದು ಹೊಸದಲ್ಲ.

ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಬ್ರಿಟನ್ ಗುಟ್ಟಾಗಿ ಒಂದು ಉಕ್ಕಿನ ಯುದ್ಧವಾಹನವನ್ನು ಸಿದ್ಧಪಡಿಸುತ್ತಿತ್ತು. ಗುಟ್ಟು ಹೊರಬೀಳದಿರಲೆಂದು ಅದಕ್ಕೆ 'ಟ್ಯಾಂಕ್' ಎಂಬ ಹೆಸರಿಟ್ಟರು. ನೋಡಿದವರು ನೀರು ಸಾಗಿಸುವ ತೊಟ್ಟಿಯೆಂದು ತಿಳಿಯಲಿ ಎಂಬುದು ಉದ್ದೇಶ. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಅದು ಮೊದಲ ಬಾರಿಗೆ ಇಳಿಯಿತು. ಗುಂಡುಗಳ ಮಳೆಯನ್ನು ತಡೆದುಕೊಂಡು ಮುಂದೆ ಸಾಗುವ ಆ ಯಂತ್ರದ ಹೆಸರೇ ಮುಂದೆ ಆಟದಲ್ಲಿ ಏಟು ತಾಳುವ ಪಾತ್ರಕ್ಕೂ ಅಂಟಿಕೊಂಡಿತು.

ಆದರೆ ಆಟದ ಟ್ಯಾಂಕನ್ನು ಅರ್ಥಮಾಡಿಕೊಳ್ಳಲು ಯುದ್ಧವಾಹನಕ್ಕಿಂತ ಕೆರೆಯೇ ಒಳ್ಳೆಯ ಮಾದರಿ. ಜೀವಾಂಕ ಎಂದರೆ ಕೆರೆಯಲ್ಲಿರುವ ನೀರು. ರಾಕ್ಷಸನ ಏಟು ತೂಬಿನ ಮೂಲಕ ಹೊರಹೋಗುವ ನೀರು. ಹೀಲರ್ ಕೊಡುವುದು ಕಾಲುವೆಯಿಂದ ಒಳಬರುವ ನೀರು. ಒಳಹರಿವು ಹೊರಹರಿವಿಗೆ ಸಮವಾದರೆ ಮಟ್ಟ ಸ್ಥಿರ. ಅದಕ್ಕಿಂತ ಕಡಿಮೆಯಾದರೆ ಕೆರೆ ಯಾವಾಗ ಬರಿದಾಗುತ್ತದೆಂದು ಏಳನೆಯ ತರಗತಿಯ ಮಕ್ಕಳೂ ಲೆಕ್ಕ ಹಾಕಬಲ್ಲರು.

ಮೇಜಿನ ಮೇಲಿನ ನೆಲಮಾಳಿಗೆ

ಈ ಇತಿಹಾಸ ಗಣಕದಿಂದ ಆರಂಭವಾಗುವುದಿಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ಮೇಜಿನ ಸುತ್ತ ಕುಳಿತು ಕಾಗದ, ಪೆನ್ಸಿಲ್, ದಾಳಗಳಿಂದ ಆಡುವ ಆಟವಿದು. ಜೀವಾಂಕದ ಕಲ್ಪನೆಯನ್ನು ನೌಕಾಯುದ್ಧದ ಆಟಗಳ ನಿಯಮಗಳಿಂದ ತಂದುಕೊಂಡದ್ದಾಗಿ ಆರ್ನ್‌ಸನ್ ಹೇಳಿದ್ದರು. ಹಡಗಿಗೆ ಎಷ್ಟು ಗುಂಡು ಬಿದ್ದರೆ ಮುಳುಗುತ್ತದೆ ಎಂಬ ಲೆಕ್ಕವೇ ಮನುಷ್ಯನಿಗೆ ಎಷ್ಟು ಏಟು ಬಿದ್ದರೆ ಸಾಯುತ್ತಾನೆ ಎಂಬ ಲೆಕ್ಕವಾಯಿತು!

ಮೂಲ ಆಟದಲ್ಲಿ ಮೂರು ವರ್ಗದ ಪಾತ್ರಗಳಿದ್ದವು: ಯೋಧ, ಮಂತ್ರವಾದಿ ಮತ್ತು ಪುರೋಹಿತ. ಗಾಯ ಮಾಯಿಸುವ ಮಂತ್ರಗಳು ಪುರೋಹಿತನ ಪಾಲಿಗೆ ಬಂದವು. ಇಲ್ಲಿ ಯೋಧ ತಂಡವನ್ನು ಕಾಯುವುದು ಸುಲಭವಿತ್ತು. ನೆಲಮಾಳಿಗೆಯ ಓಣಿ ಇಕ್ಕಟ್ಟಾಗಿದ್ದರೆ ಅವನು ಅಡ್ಡ ನಿಂತರಾಯಿತು. ರಾಕ್ಷಸ ಯಾರನ್ನು ಹೊಡೆಯಬೇಕೆಂದು ತೀರ್ಮಾನಿಸಲು ಮೇಜಿನ ತಲೆಯಲ್ಲಿ ಒಬ್ಬ ಮನುಷ್ಯ ಕುಳಿತಿರುತ್ತಿದ್ದ. ಅವನು ಸಂದರ್ಭ ನೋಡಿ ನಿರ್ಧರಿಸುತ್ತಿದ್ದ. ಆದರೆ ಆ ಮನುಷ್ಯನ ಜಾಗದಲ್ಲಿ ಗಣಕ ಬಂದು ಕುಳಿತರೆ? ಅದಕ್ಕೆ ಸ್ಪಷ್ಟವಾದ ನಿಯಮ ಬೇಕು. ಕಥೆ ತಿರುಗುವುದು ಇಲ್ಲಿ.

ಲೆಕ್ಕ ಮಾಡಿ ನೋಡೋಣ

ಮುಂದೆ ಹೋಗುವ ಮೊದಲು ಕರಿಹಲಗೆಯ ಮೇಲೆ ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗಾಗಿ ಮಾತ್ರ. ಐವರ ತಂಡ, ಪ್ರತಿಯೊಬ್ಬರಿಗೂ 100 ಜೀವಾಂಕ. ರಾಕ್ಷಸನಿಗೆ 1200. ಅವನು ಪ್ರತಿ ಸುತ್ತಿನಲ್ಲಿ ಒಬ್ಬರಿಗೆ 40ರಷ್ಟು ಪೆಟ್ಟು ಕೊಡುತ್ತಾನೆ. ಒಬ್ಬರು ಸಾಯುವವರೆಗೂ ಅವರನ್ನೇ ಹೊಡೆಯುತ್ತಾನೆ.

ಮೊದಲ ಬಗೆ: ಐವರೂ ದಾಳಿಕಾರರು. ಪ್ರತಿಯೊಬ್ಬರೂ ಸುತ್ತಿಗೆ 20ರಂತೆ ಹೊಡೆಯುತ್ತಾರೆ. ರಾಕ್ಷಸ ಮೂರು ಸುತ್ತಿಗೆ ಒಬ್ಬರನ್ನು ಮುಗಿಸುತ್ತಾನೆ. ಮೊದಲ ಮೂರು ಸುತ್ತಿನಲ್ಲಿ ಐವರು ಸೇರಿ 300, ಮುಂದಿನ ಮೂರರಲ್ಲಿ ನಾಲ್ವರು 240, ನಂತರ ಕ್ರಮವಾಗಿ 180, 120, 60. ಒಟ್ಟು 900. ಅಷ್ಟರಲ್ಲಿ ಐವರೂ ಸತ್ತಿರುತ್ತಾರೆ. ರಾಕ್ಷಸನಿಗೆ ಇನ್ನೂ 300 ಉಳಿದಿರುತ್ತದೆ.

ಎರಡನೆಯ ಬಗೆ: ಒಬ್ಬ ಟ್ಯಾಂಕ್, ಒಬ್ಬ ಹೀಲರ್, ಮೂವರು ದಾಳಿಕಾರರು. ಟ್ಯಾಂಕಿನ ಕವಚ ಪೆಟ್ಟನ್ನು 40ರಿಂದ 16ಕ್ಕೆ ಇಳಿಸುತ್ತದೆ. ಹೀಲರ್ ಪ್ರತಿ ಸುತ್ತಿನಲ್ಲಿ 16 ಜೀವಾಂಕವನ್ನು ಮರಳಿಸುತ್ತಾನೆ. ಟ್ಯಾಂಕ್ ಹೊಡೆಯುವುದು 10 ಮಾತ್ರ, ಹೀಲರ್ ಹೊಡೆಯುವುದೇ ಇಲ್ಲ. ಮೂವರು ದಾಳಿಕಾರರ 60 ಸೇರಿ ಸುತ್ತಿಗೆ 70. 1200ನ್ನು 70ರಿಂದ ಭಾಗಿಸಿದರೆ 17ಕ್ಕಿಂತ ಸ್ವಲ್ಪ ಹೆಚ್ಚು. 18ನೆಯ ಸುತ್ತಿನಲ್ಲಿ ರಾಕ್ಷಸ ಬೀಳುತ್ತಾನೆ. ತಂಡದಲ್ಲಿ ಒಬ್ಬರೂ ಸಾಯುವುದಿಲ್ಲ.

ತಂಡದ ಹೊಡೆತದ ಶಕ್ತಿ 100ರಿಂದ 70ಕ್ಕೆ ಇಳಿಯಿತು. ಆದರೂ ಸೋಲು ಗೆಲುವಾಯಿತು! ಈಗ ಇನ್ನೊಂದು ಪ್ರಶ್ನೆ. ರಾಕ್ಷಸ ಟ್ಯಾಂಕನ್ನು ಬಿಟ್ಟು ಕವಚವಿಲ್ಲದ ದಾಳಿಕಾರನ ಕಡೆ ತಿರುಗಿದರೆ ಏನಾಗುತ್ತದೆ? ಹೊರಹರಿವು 40, ಒಳಹರಿವು 16. ಸುತ್ತಿಗೆ 24ರ ನಷ್ಟ. ಐದನೆಯ ಸುತ್ತಿನಲ್ಲಿ ಅವನು ಸಾಯುತ್ತಾನೆ. ಎಂದರೆ ಕವಚವೂ ಆರೈಕೆಯೂ ಇದ್ದರೆ ಸಾಲದು. ರಾಕ್ಷಸನ ಗಮನವನ್ನು ಕವಚವಿದ್ದವನ ಮೇಲೆಯೇ ಹಿಡಿದಿಡುವ ಉಪಾಯ ಬೇಕು. ಕವಚ, ಆರೈಕೆ, ಗಮನ ಈ ಮೂರೂ ಸೇರಿದಾಗಲೇ ಲೆಕ್ಕ ಕೂಡುತ್ತದೆ.

ಕೋಪನ್‌ಹೇಗನ್ನಿನ ವಿದ್ಯಾರ್ಥಿಗಳು

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ 'ಮಡ್' ಎಂಬ ಆಟವನ್ನು ಬರೆಯಲಾರಂಭಿಸಿದರು. ಸಹಪಾಠಿ ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದರು. ಚಿತ್ರಗಳಿಲ್ಲ, ಎಲ್ಲವೂ ಅಕ್ಷರಗಳಲ್ಲಿ. ಆಜ್ಞೆಯನ್ನು ಕೀಲಿಮಣೆಯಲ್ಲಿ ಒತ್ತಬೇಕು, ನಡೆದದ್ದನ್ನು ಪರದೆಯಲ್ಲಿ ಓದಬೇಕು. ಹಲವರು ಒಂದೇ ಲೋಕದಲ್ಲಿ ಒಟ್ಟಿಗೆ ಇರಬಹುದು ಎಂಬುದೇ ಅದರ ಹೊಸತನ. ಆದರೆ ಅಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಅಂಕಗಳಿಗಾಗಿ ಆಡುತ್ತಿದ್ದರು.

ತಂಡದ ಕೆಲಸಗಳಿಗೆ ಅಚ್ಚು ಸಿಕ್ಕಿದ್ದು ಡೆನ್ಮಾರ್ಕಿನಲ್ಲಿ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಕವಿಜ್ಞಾನ ವಿಭಾಗದ ಐವರು ವಿದ್ಯಾರ್ಥಿಗಳು, ಸೆಬಾಸ್ಟಿಯನ್ ಹ್ಯಾಮರ್, ಟಾಮ್ ಮ್ಯಾಡ್ಸೆನ್, ಕಟ್ಯಾ ನೂಬೊ, ಮೈಕೆಲ್ ಸೈಫರ್ಟ್ ಮತ್ತು ಹಾನ್ಸ್ ಹೆನ್ರಿಕ್ ಸ್ಟೇರ್‌ಫೆಲ್ಟ್, 1991ರಲ್ಲಿ 'ಡಿಕುಮಡ್' ಎಂಬ ತಂತ್ರಾಂಶವನ್ನು ಬಿಡುಗಡೆ ಮಾಡಿದರು. 'ಡಿಕು' ಎಂಬುದು ಅವರ ವಿಭಾಗದ ಡ್ಯಾನಿಷ್ ಹೆಸರಿನ ಮೊದಲಕ್ಷರಗಳ ಕೂಟ. ಲಾಭಕ್ಕಾಗಿ ಬಳಸಬಾರದೆಂಬ ಷರತ್ತಿನೊಂದಿಗೆ ಅದರ ಆಕರ ಸಂಕೇತವನ್ನು ಎಲ್ಲರಿಗೂ ಹಂಚಿದರು. ಅದನ್ನು ತೆಗೆದುಕೊಂಡು ಅನೇಕ ದೇಶಗಳ ವಿದ್ಯಾರ್ಥಿಗಳು ತಮ್ಮದೇ ಆಟಗಳನ್ನು ಕಟ್ಟಿದರು.

ಡಿಕುಮಡ್‌ನಲ್ಲಿ ಯೋಧ, ಪುರೋಹಿತ, ಮಂತ್ರವಾದಿ, ಕಳ್ಳ ಎಂಬ ನಾಲ್ಕು ವರ್ಗಗಳಿದ್ದವು. ಕಾಳಗದಲ್ಲಿ ಒಬ್ಬ ರಾಕ್ಷಸನಿಗೆ ಒಂದು ಸಮಯಕ್ಕೆ ಒಬ್ಬನೇ ಗುರಿ. ಪರದೆಯಲ್ಲಿ ಓಣಿಯೂ ಇಲ್ಲ, ಅಡ್ಡ ನಿಲ್ಲಲು ಜಾಗವೂ ಇಲ್ಲ. ಹಾಗಾದರೆ ಗೆಳೆಯನನ್ನು ಕಾಯುವುದು ಹೇಗೆ? ಅದಕ್ಕೆಂದು 'ರಕ್ಷಿಸು' ಎಂಬರ್ಥದ ಒಂದು ಆಜ್ಞೆಯಿತ್ತು. ಯೋಧನು ಅದನ್ನು ಒತ್ತಿದರೆ, ಯಶಸ್ವಿಯಾದಾಗ, ರಾಕ್ಷಸನ ಗುರಿ ಗೆಳೆಯನಿಂದ ಅವನ ಕಡೆಗೆ ತಿರುಗುತ್ತಿತ್ತು. ಸಂಕೇತದಲ್ಲಿ ನೋಡಿದರೆ ಇದು ಒಂದು ಚರಾಂಕದ ಬೆಲೆಯನ್ನು ಬದಲಿಸುವಷ್ಟು ಸಣ್ಣ ಕೆಲಸ. ಆದರೆ ನಾವು ಮಾಡಿದ ಲೆಕ್ಕದ ಮೂರನೆಯ ಅಂಶವಾದ 'ಗಮನ' ಆಟಗಾರನ ಕೈಗೆ ಬಂದದ್ದು ಹೀಗೆ. ಒಬ್ಬ ಏಟು ತಿನ್ನಲಿ, ಒಬ್ಬ ಆರೈಕೆ ಮಾಡಲಿ, ಉಳಿದವರು ಹೊಡೆಯಲಿ ಎಂಬ ಪದ್ಧತಿ ಆಟಗಾರರ ನಡುವೆಯೇ ಬೆಳೆಯಿತು. ಟ್ಯಾಂಕ್ ಎಂಬ ಹೆಸರೂ ಈ ಅಕ್ಷರದ ಆಟಗಳ ವಲಯದಲ್ಲಿ ಬಳಕೆಗೆ ಬಂತು.

ಸರದಿಯ ಆರೈಕೆ

1999ರ ಮಾರ್ಚ್ 16ರಂದು ಅಮೆರಿಕದಲ್ಲಿ 'ಎವರ್‌ಕ್ವೆಸ್ಟ್' ಬಿಡುಗಡೆಯಾಯಿತು. ಅಕ್ಷರಗಳ ಬದಲು ಮೂರು ಆಯಾಮದ ಚಿತ್ರಲೋಕ. ಒಳಗಿನ ನಿಯಮಗಳು ಮಾತ್ರ ಡಿಕುಮಡ್ ಅನ್ನು ಎಷ್ಟು ಹೋಲುತ್ತಿದ್ದವೆಂದರೆ, ಆ ಸಂಕೇತವನ್ನೇ ನಕಲು ಮಾಡಿರಬಹುದೆಂಬ ಮಾತು ಹಬ್ಬಿತು. 2000ದಲ್ಲಿ ಎವರ್‌ಕ್ವೆಸ್ಟ್ ತಯಾರಕರು ತಾವು ಡಿಕುಮಡ್‌ನ ಸಂಕೇತವನ್ನು ಬಳಸಿಲ್ಲವೆಂದು ಪ್ರಮಾಣಪತ್ರ ನೀಡಿದರು. ಡ್ಯಾನಿಷ್ ತಂಡ ಅದನ್ನು ಒಪ್ಪಿಕೊಂಡಿತು. ಸಂಕೇತ ಬಾರದಿದ್ದರೂ ವಿಚಾರ ಬಂದಿತ್ತು.

ಇಲ್ಲಿ ಪ್ರತಿ ರಾಕ್ಷಸನಿಗೂ ಒಂದು 'ಸಿಟ್ಟಿನ ಪಟ್ಟಿ' ಇತ್ತು. ಹೊಡೆದವರಿಗೆ, ಕೆಣಕಿದವರಿಗೆ, ಆರೈಕೆ ಮಾಡಿದವರಿಗೂ ಅದರಲ್ಲಿ ಅಂಕ ಬೀಳುತ್ತಿತ್ತು. ಸಾಮಾನ್ಯವಾಗಿ ಪಟ್ಟಿಯ ಮೇಲ್ಭಾಗದಲ್ಲಿರುವವನಿಗೆ ಏಟು. ಯೋಧನಿಗೆ ರಾಕ್ಷಸನನ್ನು ಕೆಣಕುವ ವಿಶೇಷ ಕೌಶಲವಿತ್ತು. ಯೋಧ, ಪುರೋಹಿತ ಮತ್ತು ರಾಕ್ಷಸರನ್ನು ತಾತ್ಕಾಲಿಕವಾಗಿ ಮರುಳುಗೊಳಿಸುವ ಮಾಂತ್ರಿಕ ಈ ಮೂವರಿಲ್ಲದೆ ತಂಡವಿಲ್ಲ ಎಂಬಂತಾಯಿತು. ಆಟಗಾರರು ಇದನ್ನು 'ಪವಿತ್ರ ತ್ರಿಮೂರ್ತಿ' ಎಂದು ಕರೆದರು. ಮುಂದಿನ ಆಟಗಳಲ್ಲಿ ಮಾಂತ್ರಿಕನ ಜಾಗಕ್ಕೆ ದಾಳಿಕಾರ ಬಂದ. ಹೆಸರು ಉಳಿಯಿತು.

ದೊಡ್ಡ ರಾಕ್ಷಸರೆದುರು ಒಬ್ಬ ಪುರೋಹಿತ ಸಾಕಾಗುತ್ತಿರಲಿಲ್ಲ. ಟ್ಯಾಂಕಿನ ಜೀವಾಂಕವನ್ನು ಒಮ್ಮೆಲೇ ಭಾರಿ ಪ್ರಮಾಣದಲ್ಲಿ ಏರಿಸುವ ಒಂದು ಮಂತ್ರವಿತ್ತು, ಆದರೆ ಅದನ್ನು ಹೇಳಿ ಮುಗಿಸಲು 10 ಸೆಕೆಂಡು ಬೇಕಿತ್ತು. ಅಷ್ಟರಲ್ಲಿ ಟ್ಯಾಂಕ್ ಸತ್ತುಹೋಗಬಹುದು. ಆಟಗಾರರು ಕಂಡುಕೊಂಡ ಉಪಾಯ ನೋಡಿ. ಐವರು ಪುರೋಹಿತರು 2 ಸೆಕೆಂಡುಗಳ ಅಂತರದಲ್ಲಿ ಒಬ್ಬರ ನಂತರ ಒಬ್ಬರು ಮಂತ್ರ ಆರಂಭಿಸುವುದು. ಆಗ ಮೊದಲ 10 ಸೆಕೆಂಡಿನ ನಂತರ ಪ್ರತಿ 2 ಸೆಕೆಂಡಿಗೊಂದು ಆರೈಕೆ ಬಂದು ತಲುಪುತ್ತದೆ. ಕಾರ್ಖಾನೆಯ ಜೋಡಣಾ ಸಾಲಿನಲ್ಲಿ ನಡೆಯುವುದೂ ಇದೇ. ಒಂದು ವಸ್ತು ತಯಾರಾಗಲು ಎಷ್ಟೇ ಹೊತ್ತು ಹಿಡಿಯಲಿ, ಸಾಲಿನ ತುದಿಯಿಂದ ನಿಗದಿತ ಅಂತರಕ್ಕೊಂದು ವಸ್ತು ಹೊರಬರುತ್ತದೆ. ಒಬ್ಬ ಪುರೋಹಿತ ತೂಕಡಿಸಿದರೆ ಸರಪಣಿಯಲ್ಲಿ 4 ಸೆಕೆಂಡುಗಳ ಬಿರುಕು. ಅಷ್ಟು ಸಾಕು, ಟ್ಯಾಂಕ್ ಬೀಳಲು.

ಇಂಥ ಆಟಗಳು ಭಾರತಕ್ಕೂ ಬಂದವು. 2000ರ ದಶಕದ ಮಧ್ಯದಲ್ಲಿ ಕೊರಿಯಾ ಮೂಲದ 'ರ‍್ಯಾಗ್ನರಾಕ್ ಆನ್‌ಲೈನ್' ಆಟಕ್ಕೆ ಭಾರತದ ಆಟಗಾರರಿಗಾಗಿಯೇ ಪ್ರತ್ಯೇಕ ಸೇವೆ ಕೆಲವು ವರ್ಷ ನಡೆಯಿತು. ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಇಂಟರ್‌ನೆಟ್ ಕೇಂದ್ರಗಳಲ್ಲಿ ಕೂರುತ್ತಿದ್ದ ಕಾಲ ಅದು. ಅಂಥ ಕೇಂದ್ರದಲ್ಲಿ ಲೋಡ್ ಶೆಡ್ಡಿಂಗ್‌ನಿಂದ ಕರೆಂಟು ಹೋಯಿತೆಂದರೆ ದಾಳಿಕಾರನಾದವನಿಗೆ ಒಂದಿಷ್ಟು ಬೇಸರ, ಅಷ್ಟೇ. ಹೀಲರ್ ಆದವನ ಕರೆಂಟು ಹೋದರೆ ಎಲ್ಲೋ ದೂರದ ಊರುಗಳಲ್ಲಿ ಕುಳಿತ ಇಡೀ ತಂಡವೇ ನೆಲಕಚ್ಚುತ್ತಿತ್ತು.

ಆಟಗಾರರೇ ಪ್ರಯೋಗಕಾರರು

2004ರ ನವೆಂಬರ್ 23ರಂದು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆರಂಭವಾಯಿತು. 2010ರ ಹೊತ್ತಿಗೆ ಅದಕ್ಕೆ 1 ಕೋಟಿ 20 ಲಕ್ಷ ಚಂದಾದಾರರಿದ್ದರು. ಐವರ ತಂಡ, ಅದರಲ್ಲಿ ಒಬ್ಬ ಟ್ಯಾಂಕ್, ಒಬ್ಬ ಹೀಲರ್, ಮೂವರು ದಾಳಿಕಾರರು ಎಂಬ ಸೂತ್ರ ಲೋಕಪ್ರಸಿದ್ಧವಾದದ್ದು ಇದರಿಂದ.

ಇಲ್ಲಿಯೂ ಸಿಟ್ಟಿನ ಪಟ್ಟಿಯಿತ್ತು. ಆದರೆ ಅದರ ಅಂಕಗಳನ್ನು ತಯಾರಕರು ಪರದೆಯ ಮೇಲೆ ತೋರಿಸುತ್ತಿರಲಿಲ್ಲ. ದಾಳಿಕಾರ ಎಷ್ಟು ಜೋರಾಗಿ ಹೊಡೆದರೆ ರಾಕ್ಷಸ ಅವನ ಕಡೆ ತಿರುಗುತ್ತಾನೆ? ಯಾರಿಗೂ ತಿಳಿಯದು. ಆಗ ಆಟಗಾರರು ಮಾಡಿದ್ದು ಅಚ್ಚುಕಟ್ಟಾದ ಪ್ರಯೋಗ. ಒಬ್ಬನು ರಾಕ್ಷಸನಿಗೆ ಗೊತ್ತಾದ ಪ್ರಮಾಣದಲ್ಲಿ ಹೊಡೆದು ನಿಲ್ಲಿಸುತ್ತಾನೆ. ಇನ್ನೊಬ್ಬ ಸ್ವಲ್ಪ ಸ್ವಲ್ಪವೇ ಹೊಡೆಯುತ್ತ ಹೋಗುತ್ತಾನೆ. ರಾಕ್ಷಸ ತಿರುಗಿದ ಕ್ಷಣದ ಅಂಕಿಯನ್ನು ಬರೆದುಕೊಳ್ಳುವುದು. ಮಿಕ್ಕೆಲ್ಲವನ್ನೂ ಸ್ಥಿರವಾಗಿಟ್ಟು ಒಂದನ್ನು ಮಾತ್ರ ಬದಲಿಸುವುದು. ಮತ್ತೆ ಮತ್ತೆ ಮಾಡಿ ತಾಳೆ ನೋಡುವುದು. ನಾವು ಪ್ರಯೋಗಾಲಯದಲ್ಲಿ ಕಲಿಸುವುದು ಇದನ್ನೇ ಅಲ್ಲವೇ?

ದೊರೆತ ಉತ್ತರ ಹೀಗಿತ್ತು. ಟ್ಯಾಂಕಿಗೆ 1000 ಅಂಕಗಳಿದ್ದರೆ, ರಾಕ್ಷಸನ ಸಮೀಪದಲ್ಲಿ ನಿಂತವನು 1100 ದಾಟಿದಾಗ ಅವನ ಕಡೆ ತಿರುಗುತ್ತದೆ. ದೂರದಲ್ಲಿ ನಿಂತವನಾದರೆ 1300 ದಾಟಬೇಕು. ಆರೈಕೆಯ ಪ್ರತಿ ಅಂಕಕ್ಕೆ ಸಿಟ್ಟಿನ ಅರ್ಧ ಅಂಕ, ಅದೂ ಎದುರಿರುವ ರಾಕ್ಷಸರ ನಡುವೆ ಹಂಚಿಕೆಯಾಗುತ್ತದೆ. ಈ ಅಂಕಿಗಳನ್ನು ಬಳಸಿ ಸಿಟ್ಟನ್ನು ಅಳೆಯುವ ಪುಟ್ಟ ತಂತ್ರಾಂಶಗಳನ್ನು ಆಟಗಾರರೇ ಬರೆದು ಹಂಚಿದರು. 2008ರಲ್ಲಿ ತಯಾರಕರೇ ಆ ಮಾಹಿತಿಯನ್ನು ಆಟದಲ್ಲಿ ಒದಗಿಸಿದರು.

ಆರೈಕೆಯೇ ರೋಗ ಹರಡಿದಾಗ

2005ರ ಸೆಪ್ಟೆಂಬರ್ 13ರಂದು ಇದೇ ಆಟಕ್ಕೆ ಹೊಸದೊಂದು ಡಂಜನ್ ಸೇರಿತು. ಅಲ್ಲಿನ ಹಕ್ಕರ್ ಎಂಬ ರಾಕ್ಷಸ 'ಕೆಟ್ಟ ರಕ್ತ' ಎಂಬ ಸೋಂಕನ್ನು ತಗುಲಿಸುತ್ತಿದ್ದ. ಸೋಂಕಿತರ ಜೀವಾಂಕ ಇಳಿಯುತ್ತ ಹೋಗುತ್ತಿತ್ತು, ಹತ್ತಿರ ನಿಂತವರಿಗೂ ಅದು ಅಂಟುತ್ತಿತ್ತು. ಸೋಂಕು ಡಂಜನ್ನಿನೊಳಗೇ ಉಳಿಯಬೇಕಿತ್ತು. ಆದರೆ ಆಟಗಾರರ ಸಾಕುಪ್ರಾಣಿಗಳ ಮೂಲಕ ಅದು ಹೊರಗಿನ ನಗರಗಳಿಗೆ ಬಂದುಬಿಟ್ಟಿತು. ಸಶಕ್ತ ಪಾತ್ರಗಳು ತಾಳಿಕೊಂಡವು, ಹೊಸಬರ ಪಾತ್ರಗಳು ಕ್ಷಣದಲ್ಲಿ ಸತ್ತವು. ಗಣಕವೇ ನಡೆಸುವ ಪಾತ್ರಗಳು ರೋಗಲಕ್ಷಣವಿಲ್ಲದ ವಾಹಕಗಳಾದವು. ಕೊನೆಗೆ ತಯಾರಕರು ಸರ್ವರ್‌ಗಳನ್ನು ಮರುಚಾಲನೆ ಮಾಡಬೇಕಾಯಿತು.

ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ ಎಂಬ ಸಂಶೋಧಕರು 2007ರಲ್ಲಿ 'ಲ್ಯಾನ್ಸೆಟ್ ಇನ್‌ಫೆಕ್ಷಸ್ ಡಿಸೀಸಸ್' ಪತ್ರಿಕೆಯಲ್ಲಿ ಈ ಘಟನೆಯ ಬಗ್ಗೆ ಲೇಖನ ಪ್ರಕಟಿಸಿದರು. ಅವರು ಗುರುತಿಸಿದ ಒಂದು ಅಂಶ ನಮ್ಮ ವಿಷಯಕ್ಕೆ ಮುಖ್ಯ. ಹೀಲರ್‌ಗಳಲ್ಲಿ ಅನೇಕರು ಓಡಿಹೋಗದೆ ಸೋಂಕಿತರ ಸೇವೆಗೆ ನಿಂತರು. ಇದರಿಂದ ಸಾಯಬೇಕಾದವರು ಬದುಕಿದರು. ಆದರೆ ರೋಗ ಗುಣವಾಗಿರಲಿಲ್ಲವಾದ್ದರಿಂದ ಬದುಕಿದವರು ಇನ್ನಷ್ಟು ಹೊತ್ತು ಸೋಂಕು ಹರಡಿದರು. ಆರೈಕೆಯ ಸದುದ್ದೇಶವೊಂದೇ ಸಾಲದು, ಸೋಂಕಿತರನ್ನು ಪ್ರತ್ಯೇಕವಿಡುವ ವ್ಯವಸ್ಥೆಯೂ ಜೊತೆಗಿರಬೇಕು. 2020ರಲ್ಲಿ ಕೋವಿಡ್ ಬಂದಾಗ ಈ ಹಳೆಯ ಘಟನೆ ಮತ್ತೆ ಚರ್ಚೆಗೆ ಬಂದದ್ದು ಸಹಜವೇ.

ಯಾರೂ ಬೇಡವೆನ್ನುವ ಕೆಲಸ

2009ರ ಡಿಸೆಂಬರ್‌ನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಒಂದು ಹೊಸ ಸೌಲಭ್ಯ ಕೊಟ್ಟಿತು. ನಿಮ್ಮ ಕೆಲಸ ಯಾವುದೆಂದು ಹೇಳಿ ಸರದಿಯಲ್ಲಿ ನಿಂತರೆ ಗಣಕವೇ ಐವರ ತಂಡ ಕಟ್ಟಿಕೊಡುತ್ತದೆ. ಅಲ್ಲಿಯವರೆಗೆ ಮರೆಯಲ್ಲಿದ್ದ ಒಂದು ಕೊರತೆ ಇದರಿಂದ ಎಲ್ಲರ ಕಣ್ಣಿಗೂ ಬಿತ್ತು. ದಾಳಿಕಾರರ ಸರದಿ ಉದ್ದವಾಗಿತ್ತು, ಟ್ಯಾಂಕ್ ಆದವರಿಗೆ ಕಾಯುವುದೇ ಇರುತ್ತಿರಲಿಲ್ಲ.

ರಸಾಯನಶಾಸ್ತ್ರದ ಶಿಕ್ಷಕರಿಗೆ ಇದು ಪರಿಚಿತ ಲೆಕ್ಕ. 100 ಆಟಗಾರರಲ್ಲಿ 10 ಮಂದಿ ಟ್ಯಾಂಕ್, 15 ಮಂದಿ ಹೀಲರ್, 75 ಮಂದಿ ದಾಳಿಕಾರರು ಎಂದಿಟ್ಟುಕೊಳ್ಳಿ. ಎಷ್ಟು ತಂಡಗಳಾಗುತ್ತವೆ? ಹತ್ತೇ. 10 ಟ್ಯಾಂಕ್, 10 ಹೀಲರ್, 30 ದಾಳಿಕಾರರು ಒಳಗೆ ಹೋಗುತ್ತಾರೆ. ಉಳಿದ 50 ಮಂದಿ ಬಾಗಿಲಲ್ಲಿ ಕಾಯಬೇಕು. ರಾಸಾಯನಿಕ ಕ್ರಿಯೆಯಲ್ಲಿ ಉತ್ಪನ್ನದ ಪ್ರಮಾಣವನ್ನು ನಿರ್ಧರಿಸುವುದು ಎಲ್ಲಕ್ಕಿಂತ ಮೊದಲು ಮುಗಿದುಹೋಗುವ ಪ್ರತಿವರ್ತಕ. ಇಲ್ಲಿ ಟ್ಯಾಂಕೇ ಆ ಪ್ರತಿವರ್ತಕ.

ಈ ಕೆಲಸಕ್ಕೆ ಜನ ಏಕೆ ಬರುವುದಿಲ್ಲ? ಕಾರಣ ಆಟದಲ್ಲಲ್ಲ, ಮನುಷ್ಯರಲ್ಲಿದೆ. ಮೂವರು ದಾಳಿಕಾರರಲ್ಲಿ ಒಬ್ಬ ಎಡವಿದರೆ ಉಳಿದಿಬ್ಬರ ಹೊಡೆತದಲ್ಲಿ ಅದು ಮರೆಯಾಗುತ್ತದೆ. ಟ್ಯಾಂಕ್ ಎಡವಿದರೆ ಐವರೂ ಸಾಯುತ್ತಾರೆ, ತಪ್ಪು ಯಾರದೆಂದು ಎಲ್ಲರಿಗೂ ಗೊತ್ತಾಗುತ್ತದೆ. ಹೀಲರ್‌ನ ಪಾಡು ಇನ್ನೂ ವಿಚಿತ್ರ. ದಾಳಿಕಾರನ ಹೊಡೆತಕ್ಕೆ ಅಂಕಪಟ್ಟಿಯಿದೆ, ಹೀಲರ್ ಸರಿಯಾಗಿ ಕೆಲಸ ಮಾಡಿದರೆ ಕಾಣುವುದು 'ಏನೂ ಆಗಲಿಲ್ಲ' ಎಂಬುದಷ್ಟೇ. ಯಾರೂ ಸಾಯದಿದ್ದದ್ದನ್ನು ಯಾರು ಎಣಿಸುತ್ತಾರೆ?

2011ರ ಏಪ್ರಿಲ್‌ನಲ್ಲಿ ತಯಾರಕರು, ಆ ಹೊತ್ತಿಗೆ ಯಾವ ಕೆಲಸಕ್ಕೆ ಜನ ಕಡಿಮೆಯೋ ಅದಕ್ಕೆ ಬಂದವರಿಗೆ ವಿಶೇಷ ಬಹುಮಾನ ಕೊಡಲಾರಂಭಿಸಿದರು. ಜಪಾನಿನ 'ಫೈನಲ್ ಫ್ಯಾಂಟಸಿ 14' ಆಟವೂ ಇಂಥದೇ ಹಾದಿ ಹಿಡಿಯಿತು. ಕೆಲವರು ಬೇರನ್ನೇ ಕೀಳಲು ನೋಡಿದರು. 2012ರ ಆಗಸ್ಟ್ 28ರಂದು ಬಿಡುಗಡೆಯಾದ 'ಗಿಲ್ಡ್ ವಾರ್ಸ್ 2' ಆಟದಲ್ಲಿ ಆರೈಕೆಗೆಂದೇ ಮೀಸಲಾದ ಪಾತ್ರ ಬೇಡ, ಪ್ರತಿಯೊಬ್ಬರೂ ತಮ್ಮ ಗಾಯ ತಾವೇ ನೋಡಿಕೊಳ್ಳಲಿ ಎಂದು ತೀರ್ಮಾನಿಸಿದರು. ಮೂರು ವರ್ಷ ಕಳೆಯಿತು. 2015ರ ನವೆಂಬರ್‌ನಲ್ಲಿ ಅದೇ ಆಟಕ್ಕೆ ಹತ್ತು ಜನರ ಕಠಿಣ ಸವಾಲುಗಳು ಬಂದಾಗ ಆಟಗಾರರು ಮತ್ತೆ ಒಬ್ಬನನ್ನು ಮುಂದೆ ನಿಲ್ಲಿಸಿದರು, ಒಬ್ಬನನ್ನು ಆರೈಕೆಗೆ ಹಚ್ಚಿದರು. ಪೆಟ್ಟು ಜೋರಾದಾಗ ಲೆಕ್ಕ ತಾನೇ ಆ ದಾರಿಗೆ ತಂದು ನಿಲ್ಲಿಸುತ್ತದೆ!

ಶಿಕ್ಷಕರಿಗೆ ಎರಡು ಮಾತು

ಮಕ್ಕಳು ಇಂಥ ಆಟಗಳನ್ನು ಆಡಲಿ ಎಂದು ನಾನು ಶಿಫಾರಸು ಮಾಡುತ್ತಿಲ್ಲ. ಆಟದ ಮೇಲಿನ ಹಿಡಿತ ತಪ್ಪುವುದನ್ನು ಒಂದು ಅಸ್ವಸ್ಥತೆಯಾಗಿ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಆವೃತ್ತಿ ಸೇರಿಸಿಕೊಂಡಿದೆ. ಅದು 2022ರ ಜನವರಿ 1ರಿಂದ ಜಾರಿಯಲ್ಲಿದೆ. ಆದರೆ ಒಂದು ಸೂಕ್ಷ್ಮವನ್ನು ತಿಳಿದಿರಿ. 'ಎದ್ದು ಬಾ' ಎಂದಾಗ ಮಗು ಏಳದಿರುವುದು ಯಾವಾಗಲೂ ಹಟವಲ್ಲ. ಅದು ಆ ಹೊತ್ತಿಗೆ ಟ್ಯಾಂಕೋ ಹೀಲರೋ ಆಗಿದ್ದರೆ, ತಾನು ಎದ್ದರೆ ನಾಲ್ವರು ಸೋಲುತ್ತಾರೆಂಬ ಹೊಣೆ ಅದನ್ನು ಕಟ್ಟಿಹಾಕಿರುತ್ತದೆ. ಆಟ ಆರಂಭಿಸುವ ಮೊದಲೇ 'ಎಷ್ಟು ಹೊತ್ತಿನ ಸುತ್ತು?' ಎಂದು ಕೇಳಿ ಮಿತಿ ಹಾಕುವುದು ನಡುವೆ ಕೂಗಾಡುವುದಕ್ಕಿಂತ ಮೇಲು.

ಇನ್ನೊಂದು ಮಾತು ನಮ್ಮ ಪ್ರಯೋಗಾಲಯದ್ದು. ಐವರ ಗುಂಪಿನಲ್ಲಿ ಉಪಕರಣ ಹಿಡಿಯಲು ಎಲ್ಲರೂ ಮುಂದು. ಗಾಜಿನ ಕೊಳವೆ ತೊಳೆಯುವವರು, ತಂತಿಗಳ ಸಡಿಲ ಬಿಗಿ ನೋಡುವವರು, ತಪ್ಪಾದರೆ 'ನಾನೇ ಸರ್' ಎಂದು ಬೈಸಿಕೊಳ್ಳುವವರು ಯಾರು? ಬಹುತೇಕ ಅದೇ ಒಬ್ಬಿಬ್ಬರು. ನಮ್ಮ ಅಂಕಪಟ್ಟಿಯಲ್ಲಿ ಅವರಿಗೆ ಕಾಲಮ್ಮೇ ಇಲ್ಲ. ಮುಂದಿನ ಬಾರಿ ಗುಂಪಿನ ಕೆಲಸಗಳನ್ನು ಬರೆದು ವಾರಕ್ಕೊಮ್ಮೆ ಬದಲಿಸಿ ನೋಡಿ. ಮೇಲಿನ ಲೆಕ್ಕಗಳನ್ನು ಮಕ್ಕಳಿಂದಲೇ ಮಾಡಿಸಿ. ಟ್ಯಾಂಕಿನ ಕವಚ 16ರ ಬದಲು 20ರಷ್ಟು ಏಟನ್ನು ಒಳಬಿಟ್ಟರೆ 18 ಸುತ್ತುಗಳವರೆಗೆ ಅವನು ಬದುಕುತ್ತಾನೆಯೇ ಎಂದು ಕೇಳಿ. ಆಡು-ಹುಲಿಯ ಗೆರೆ ಎಳೆದು, ಹಿಂದೆ ನಿಂತ ಆಡಿನ ಕೆಲಸವೇನೆಂದು ಕೇಳಿ.

ಅಂದು ಕರೂರಿನಲ್ಲಿ ಬುಷ್ ಸಿದ್ಧವಾಗುವವರೆಗೆ ಕಾಯುತ್ತ ಆ ಫಿಟ್ಟರ್‌ಗೆ ಟ್ಯಾಂಕ್, ಹೀಲರ್‌ಗಳ ವಿಷಯವನ್ನು ಹುಡುಗರ ನೆರವಿನಿಂದ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಹಂಗಾದ್ರ ನಾವು ಹೀಲರ್ ಬಿಡ್ರಿ ಸರ್. ಮಿಷನ್ನು ನಿಂತಾಗಷ್ಟೇ ನಮ್ಮ ನೆನಪು" ಎಂದು ಹೇಳಿ, ಎಣ್ಣೆ ಡಬ್ಬಿ ಹಿಡಿದು ಲೇತಿನ ಕಡೆ ಹೋದರು. ಹುಡುಗರು ಮೊಬೈಲ್ ಜೇಬಿಗಿಟ್ಟು ಅವರ ಹಿಂದೆ ಎದ್ದರು. ಬಿಡುವು ಮುಗಿದಿತ್ತು.